ಟ್ಯಾಬ್ ಕೊಂಡ ತಪ್ಪಿಗೆ ಸಿಮ್‌ಗೆ ಜೀತವೇ?

ಮಾನ್ಯರೇ,

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಮೊಬೈಲ್ ಅಂಗಡಿಗಳು ಗ್ರಾಹಕರನ್ನು ಸುಲಿಯುತ್ತಿರುವ ಬಗ್ಗೆ ಗುರುವಾರ ಬಂದ ನಿಮ್ಮ ವರದಿ ಓದಿದೆ. ‘ಲಿಖಿತ ದೂರು ಬಂದರೆ ಪರಿಶೀಲಿಸುತ್ತೇವೆ’ ಎಂದು ಅಧಿಕಾರಿಗಳು ಹೇಳಿದ್ದಾರೆ. ಆ ಸಾಲು ಓದುವಾಗ, ನಾನು ಕೊಟ್ಟ ಲಿಖಿತ ದೂರಿನ ಸ್ವೀಕೃತಿ ಪ್ರತಿ ನನ್ನ ಕಿಸೆಯಲ್ಲೇ ಇತ್ತು.

ಪಿಯುಸಿ ಓದುವ ಮಗಳಿಗೆ ವಿಡಿಯೊ ಪಾಠ ನೋಡಲು ಐದು ತಿಂಗಳ ಹಿಂದೆ ಟ್ಯಾಬ್ ಕೊಡಿಸಿದೆ. ಡಬ್ಬಿಯ ಮೇಲೆ 27,999 ರೂಪಾಯಿ. ‘ನಿಮಗಂತ 21,990 ಮಾಡೀನಿ ಕಾಕಾ’ ಅಂದ ಹುಡುಗ. ಹಿಗ್ಗಿದೆ. ಸಿಮ್ ಇಲ್ಲದ, ಬರೀ ವೈಫೈದ್ದು ಕೊಡಪ್ಪಾ ಅಂದರೆ ‘ಸ್ಟಾಕ್ ಇಲ್ರಿ’. ಕಂತಿನ ಫೈಲ್ ಚಾರ್ಜ್ 589, ಕೇಳದೇ ಹಾಕಿದ ಇನ್ಶೂರೆನ್ಸ್ 1,499, ಕವರ್ ಮತ್ತು ಗಾಜು 900. ಬಡ್ಡಿ ಇಲ್ಲದ ಕಂತು ಎಂದರೆ ಇದೇ ಇರಬೇಕು. ಮನೆಗೆ ಬಂದು ಮಗಳು ಅದೇ ಟ್ಯಾಬ್‌ನಲ್ಲಿ ಹುಡುಕಿ, ಅದೇ ಮಾಡೆಲ್ ಆನ್‌ಲೈನ್‌ನಲ್ಲಿ 17,999ಕ್ಕೆ ಇರುವುದನ್ನು ತೋರಿಸಿದಳು. ಟ್ಯಾಬ್ ಮಾಡಿದ ಮೊದಲ ಉಪಕಾರ ಅದು.

ನಾನು ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವ ದಿವಾಣಜಿ. ರೈತ ಒಂದು ಚೀಲ ತೊಗರಿ ತಂದರೂ ಹಮಾಲಿ, ತೂಕ ಎಲ್ಲ ತಕ್‌ಪಟ್ಟಿಯಲ್ಲಿ (ಲೆಕ್ಕದ ಚೀಟಿ) ಬರೆದು ಕೈಗೆ ಕೊಡುತ್ತೇವೆ. ಇಲ್ಲಿ ಇಪ್ಪತ್ತೈದು ಸಾವಿರದ ವ್ಯವಹಾರಕ್ಕೆ, ಇನ್ಶೂರೆನ್ಸ್‌ನ ಚೀಟಿ ಮೂರು ಸಲ ಕೇಳಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಬಂತು, ಅದೂ ಇಂಗ್ಲಿಷ್‌ನಲ್ಲಿ.

ಇನ್ನು ಟ್ಯಾಬ್ ಜೊತೆ ಗಂಟು ಹಾಕಿದ ಪೋಸ್ಟ್‌ಪೇಯ್ಡ್ ಸಿಮ್. ತಿಂಗಳಿಗೆ 449 ಎಂದಿದ್ದರು, ಬಿಲ್ ಬಂದದ್ದು 530. ಜಿಎಸ್‌ಟಿ ಶೇ 18 ಇರುತ್ತದೆ ಎಂದು ಗೊತ್ತಿರಬೇಕಿತ್ತಂತೆ ನನಗೆ! ಬ್ರಹ್ಮಪುರದ ನಮ್ಮ ಹಳೇ ಮನೆಯ ಕಲ್ಲು ಗೋಡೆಯೊಳಗೆ ಅದರ ನೆಟ್‌ವರ್ಕ್ ಕಾಲಿಡುವುದಿಲ್ಲ. ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಮಗ್ಗುಲಿಗೆ ಒಂದು ಮೊಳ ಜಾಗದಲ್ಲಿ ಮಾತ್ರ ಸಿಗುತ್ತದೆ. ಈ ಬಿಸಿಲಲ್ಲಿ ಅಲ್ಲಿ ಹತ್ತು ನಿಮಿಷ ಹಿಡಿದರೆ ಟ್ಯಾಬ್ ರೊಟ್ಟಿ ಹಂಚಿನಂತಾಗಿ, ಬಿಸಿಯಾಗಿದೆ ಎಂದು ತಾನೇ ಬರೆದು ತೋರಿಸಿ ಕಣ್ಣು ಮುಚ್ಚುತ್ತದೆ. ಟ್ಯಾಬ್‌ಗಾದರೂ ಅಷ್ಟು ಬುದ್ಧಿ ಇದೆ.

ನಿನ್ನೆ ಅರ್ಧ ದಿನದ ಪಗಾರ ಬಿಟ್ಟು ಸಿಮ್ ಬಂದ್ ಮಾಡಿಸಲು ಹೋದೆ. ‘ಹನ್ನೆರಡು ತಿಂಗಳದ ಕರಾರ ಅದರಿ. ಬಿಡಬೇಕಂದ್ರ ಉಳಿದ ಏಳು ತಿಂಗಳದ್ದು ತುಂಬ್ರಿ.’ ಅಂದರೆ 3,710 ರೂಪಾಯಿ, ಬಾರದ ನೆಟ್‌ವರ್ಕ್‌ಗೆ. ನಾನು ಯಾವಾಗ ಒಪ್ಪಿದೆ ಎಂದು ಕೇಳಿದರೆ, ‘ಒಟಿಪಿ ಹೇಳಿದ್ರಲ್ಲ, ಅದೇ ಸಹಿರಿ. ನಮ್ಮ ಕೈಯಾಗ ಏನೂ ಇಲ್ಲ, ಸಿಸ್ಟಮ್‌ನ್ಯಾಗ ಅದ.’ ಸಹಾಯವಾಣಿಗೆ ಕನ್ನಡಕ್ಕೆಂದು ಎರಡು ಒತ್ತಿದೆ. ಹಾಡು ಕನ್ನಡದ್ದು, ಮಾತಾಡಿದವರು ಹಿಂದಿಯವರು.

ಪ್ರಿಪೇಯ್ಡ್‌ನವರದೇನು ಸುಖವೇ? 28 ದಿನಕ್ಕೆ ತಿಂಗಳು ಮುಗಿಸಿ ವರ್ಷಕ್ಕೆ ಹದಿಮೂರು ಸಲ ಕೀಳುತ್ತಾರೆ. 30 ದಿನದ ಪ್ಲಾನ್ ಒಂದಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2022ರಲ್ಲೇ ಆದೇಶಿಸಿತು. ಅಂತರ್ಜಾಲ ಬೇಡದವರಿಗೆ ಕರೆ ಮತ್ತು ಎಸ್ಎಂಎಸ್ ಮಾತ್ರದ ಪ್ಲಾನ್ ಕೊಡಿ ಎಂದು 2024ರ ಡಿಸೆಂಬರ್‌ನಲ್ಲಿ ಹೇಳಿತು. ಊರಲ್ಲಿರುವ ನಮ್ಮವ್ವನ ಬಟನ್ ಫೋನಿಗೆ ಅಂಥದ್ದು ಹಾಕು ಅಂದರೆ ಅಂಗಡಿಯವ ನನ್ನನ್ನೇ ಹುಚ್ಚನಂತೆ ನೋಡಿದ. ದರ ಏರಿಸುವಾಗ ಮಾತ್ರ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ: 2024ರ ಜುಲೈ ಮೊದಲ ವಾರ ಮೂರೂ ಖಾಸಗಿ ಕಂಪನಿಗಳು ಬೆನ್ನುಬೆನ್ನಿಗೆ ಏರಿಸಲಿಲ್ಲವೇ?

ದೂರು ಕೊಟ್ಟ ಕಚೇರಿಯಲ್ಲಿ ಸಿಮ್ ಕೇಂದ್ರ ಸರ್ಕಾರದ್ದು, ನಮಗೆ ಬರುವುದಿಲ್ಲ ಎಂದರು. ಟ್ಯಾಬ್‌ನ ಬೆಲೆ? ಡಬ್ಬಿಯ ಮೇಲಿನ ದರಕ್ಕಿಂತ ಕಡಿಮೆಗೇ ಕೊಟ್ಟಿದ್ದಾರಲ್ಲ! ಇನ್ಶೂರೆನ್ಸ್? ಅದರ ಸಾಹೇಬರು ರಜೆ. ಇದೇ ಕಚೇರಿಗೆ ಹಿಂದೆ ಗ್ಯಾಸ್ ಸಿಲಿಂಡರ್ ತೂಕದ ದೂರು ಕೊಟ್ಟಾಗಲೂ ಸಾಹೇಬರು ರಜೆಯಲ್ಲಿದ್ದರು. ಪಾಪ, ಎಂಥ ಕಾಯಿಲೆಯೋ. 2014ರಲ್ಲಿ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗಕ್ಕೆ ಕಾದು ಕಾದು ರೂಢಿಯಾದ ಜನ ನಾವು, ಸಾಹೇಬರಿಗೂ ಕಾಯುತ್ತೇವೆ ಬಿಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಕಲ್ಯಾಣ ಯಾರದ್ದು ಎಂದು ಸೂಪರ್ ಮಾರ್ಕೆಟ್‌ಗೆ ಹೋದರೆ ತಿಳಿಯುತ್ತದೆ.

ಸಂಬಂಧಪಟ್ಟವರು ಈ ಅಂಗಡಿಗಳ ಮೇಲೆ ಕ್ರಮ ಕೈಗೊಳ್ಳಬೇಕು, ಕಂಪನಿಗಳ ಮೇಲೂ ಕೈಗೊಳ್ಳಬೇಕು. ಅದಾಗದಿದ್ದರೆ ಸಂಬಂಧಪಟ್ಟವರ ಮೇಲಾದರೂ ಯಾರಾದರೂ ಕೈಗೊಳ್ಳಲಿ. ಹಾಗೆಯೇ ಕೇಬಲ್ ಎಳೆಯಲು ನಮ್ಮ ಓಣಿಯಲ್ಲಿ ಅಗೆದುಬಿಟ್ಟ ತೆಗ್ಗು ಮುಚ್ಚಿಸಲಿ. ಮಳೆ ಬಂದಾಗ ಅದರಲ್ಲಿ ಬೀಳುವವರು ಸಾಹೇಬರಲ್ಲ.

– ನೊಂದ ಗ್ರಾಹಕ, ಬ್ರಹ್ಮಪುರ, ಕಲಬುರಗಿ