ಬೀಗ ಹಾಕೋಕೆ ಸಂಜೆ ಆರು ಗಂಟೆಯೇ ಬೇಕಿತ್ತಾ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಬೀಗ ಬಿದ್ದ ಸುದ್ದಿ ನಿಮ್ಮಲ್ಲಿ ಬಂದಿದೆ. ಧ್ಯಾನದ ತರಗತಿ ನಿಂತಿತು ಅಂತ ಎರಡು ಸಾಲು. ಆ ಸಂಜೆ ಬಾಗಿಲಲ್ಲಿ ನಿಂತವರಲ್ಲಿ ನಾನೂ ನನ್ನ ತಮ್ಮನೂ ಇದ್ದೆವು.

ತಮ್ಮ ಕುಡಿತ ಬಿಟ್ಟು ನಾಲ್ಕು ತಿಂಗಳಾಯಿತು. ಸುಮ್ನೆ ಕಣ್ಣು ಮುಚ್ಚಿ ಕೂತು ಬಿಟ್ಟಿದ್ದಲ್ಲ. ವರ್ಷಗಟ್ಟಲೆ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಅಂತ ಡಾಕ್ಟರು ಮೊದಲು ಅಡ್ಮಿಟ್ ಮಾಡಿಕೊಂಡರು. ಮಾತ್ರೆ ಈಗಲೂ ಇದೆ. ಧ್ಯಾನ ಅದರ ಜೊತೆಗೆ. ಕತ್ತಲಾಗುತ್ತಿದ್ದಂತೆ ಅವನಿಗೆ ಕುಡಿಯಬೇಕೆಂಬ ಎಳೆತ ಶುರುವಾಗುತ್ತದೆ. ಬಾಯಿ ಒಣಗುತ್ತದೆ, ಬೆರಳು ಅಂಗಿಯ ತುದಿಯನ್ನು ಹಿಂಡುತ್ತಲೇ ಇರುತ್ತವೆ. ಅದರ ಜೊತೆ ಜಗಳ ಆಡಬೇಡ, ಉಸಿರು ನೋಡುತ್ತಾ ಕೂತಿರು, ಎದ್ದ ಅಲೆ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ ಅಂತ ಆ ತರಗತಿಯಲ್ಲಿ ಕಲಿಸಿದ್ದರು. ಅಮೆರಿಕದ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ದಾರಿ ಇದು. ನಮ್ಮ ಮನೆಯಲ್ಲಿ ಅದು ಕೆಲಸ ಮಾಡಿದೆ.

ಆ ಅರ್ಧ ಗಂಟೆಗೇ ಬೀಗ! ಹೊಚ್ಚ ಹೊಸ ಬೀಗ, ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು. ದುರಸ್ತಿ ಅಂತೆ. ಒಳಗೆ ಒಂದು ಮೊಳೆ ಹೊಡೆದ ಸದ್ದೂ ಇಲ್ಲ. ಒಂದು ಫೋನ್ ಮಾಡೋಕೆ ಏನಾಗಿತ್ತು? ಆಟೋಗೆ ಎಂಬತ್ತು ರೂಪಾಯಿ ಕೊಟ್ಟು, ಒಲೆ ಮೇಲಿನ ಸಾರು ಇಳಿಸಿ ಓಡಿ ಬಂದಿದ್ದೆ. ಎದುರಿಗೇ ಬಾರಿನ ದೀಪ ಝಗಝಗ. ತಮ್ಮ ಅತ್ತ ನೋಡಿದ, ನನ್ನ ಮುಖ ನೋಡಿದ. 'ಅಕ್ಕಾ, ಇಲ್ಲೇ ಕೂರೋಣ' ಅಂದ. ಸೊಳ್ಳೆ ಕಚ್ಚಿಸಿಕೊಂಡು ಮೆಟ್ಟಿಲ ಮೇಲೇ ಕೂತೆವು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದ. ಆ ದಿನ ಕುಡಿಯದೆ ಉಳಿದುಕೊಂಡ. ಒಬ್ಬನೇ ಬಂದಿದ್ದರೆ?

ಆ ಬಾರಿಗೆ ಒಂದು ದಿನವಾದರೂ ದುರಸ್ತಿ ಬಂದಿದ್ದು ನಾನು ಕಂಡಿಲ್ಲ. ನಮ್ಮ ಬೀದಿಯನ್ನು ಪೈಪಿಗೆಂದು ಅಗೆದು ಹೋದವರು ಮಣ್ಣು ಮುಚ್ಚಲು ಮಳೆಗಾಲದವರೆಗೆ ಬರಲಿಲ್ಲ. ಕಂಬದ ದೀಪಕ್ಕೆ ಮೂರು ಸಲ ಅರ್ಜಿ ಕೊಟ್ಟೆ. ಸಾಹೇಬರು ಮೀಟಿಂಗಲ್ಲಿದ್ದಾರೆ, ಅಷ್ಟೇ ಉತ್ತರ. ರೈಲ್ವೆ ಗೇಟಿನಲ್ಲಿ ನಿಂತು ನಿಂತು ಕಾಯೋದು ನಮಗೆ ರೂಢಿಯಾಗಿದೆ ನಿಜ. ಆದರೆ ಕುಡಿತದ ಎಳೆತ ಕಾಯುತ್ತಾ?

ಚಟ ಬಿಡಿಸಿ ಅಂತ ಗೋಡೆ ತುಂಬಾ ಬರೆಸುತ್ತಾರೆ, ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಅಂತಾರೆ. ಒಳ್ಳೆಯದೇ. ಬಿಟ್ಟವನು ಬಂದು ಕೂರೋಕೆ ಒಂದು ಕೋಣೆ ಬೇಡವೇ? ಬೀಗ ತೆಗೆಯಿರಿ, ಇಲ್ಲವೇ ಬೇರೆ ಜಾಗ ಕೊಡಿ. ಆ ಬಾರನ್ನೂ ಅಲ್ಲಿಂದ ಎತ್ತಿಸಿ, ಬೀದಿ ದೀಪವನ್ನೂ ಹಾಕಿಸಿ. ಏನಾದರೂ ಒಂದು ಮಾಡಿ. ಬೀಗ ಹಾಕಿ ಹೋದವರು ಒಂದು ಸಂಜೆ ಬಂದು ಆ ಮೆಟ್ಟಿಲ ಮೇಲೆ ನನ್ನ ತಮ್ಮನ ಪಕ್ಕ ಕೂರಲಿ, ನೋಡೋಣ.

ಒಬ್ಬ ಅಕ್ಕ, ದಾವಣಗೆರೆ