ಸಿಎ-125: ನಿನ್ನ ವರದಿಯ 68

ಪ್ರೀತಿಯ ಮಗಳೇ,

ನಿನ್ನ ಅಂಡಾಶಯದ ಗಡ್ಡೆಗಾಗಿ ಮಾಡಿಸಿ ನೀನು ಕಳಿಸಿದ ರಕ್ತಪರೀಕ್ಷೆಯ ವರದಿ ನೋಡಿದೆ. ಸಿಎ-125 ಅಂಶ 68 ಇದೆ, 35ರೊಳಗೆ ಇರಬೇಕಿತ್ತು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಪ್ರಯೋಗಾಲಯದಲ್ಲೇ ವಯಸ್ಸು ಕಳೆದ ನನಗೆ ಈ ದಪ್ಪಕ್ಷರಗಳ ಮೇಲೆ ಹಳೆಯ ಸಿಟ್ಟು. ವೈದ್ಯರು ಓದುವ ಮೊದಲೇ ಅವು ಮನೆಮಂದಿಯ ನಿದ್ದೆ ಕೆಡಿಸುತ್ತವೆ.

ಸಿಎ-125 ಎಂಬ ಪ್ರೋಟೀನು ಅಂಡಾಶಯದ ಗಡ್ಡೆಯಿಂದ ಮಾತ್ರ ಬರುವುದಿಲ್ಲ. ಗರ್ಭಕೋಶದ ಒಳಪದರ, ಹೊಟ್ಟೆಯೊಳಗಿನ ಪೊರೆ ಕೆರಳಿದರೂ ರಕ್ತದಲ್ಲಿ ಏರುತ್ತದೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪೊರೆ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಸಾಮಾನ್ಯ ಗಡ್ಡೆ), ಸೋಂಕು, ಹೊಟ್ಟೆಯ ಕ್ಷಯ, ಬಸಿರು, ಕಡೆಗೆ ಮುಟ್ಟು ಕೂಡ ಸಾಕು. ನೀನು ರಕ್ತ ಕೊಟ್ಟಿದ್ದು ಮುಟ್ಟಿನ ದಿನಗಳಲ್ಲೇ ಅಲ್ಲವೇ? ಅದನ್ನು ವೈದ್ಯರಿಗೆ ಹೇಳಿದೆಯಾ? ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಮೊದಲ ಹಂತದ ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಅಂಶ ಏರಿರುವುದೇ ಇಲ್ಲ. ಆದ್ದರಿಂದ 20 ಬಂದಿದ್ದರೂ ನಾನು ಸ್ಕ್ಯಾನ್ ವರದಿ ಕೇಳುತ್ತಿದ್ದೆ.

ವೈದ್ಯರು ಮಾಡುವ ಒಂದು ಲೆಕ್ಕವಿದೆ. ಸ್ಕ್ಯಾನ್‌ನಲ್ಲಿ ಅನುಮಾನದ ಲಕ್ಷಣ ಇಲ್ಲದಿದ್ದರೆ 0, ಒಂದಿದ್ದರೆ 1, ಹೆಚ್ಚಿದ್ದರೆ 3. ಮುಟ್ಟು ನಿಲ್ಲದವರಿಗೆ 1, ನಿಂತವರಿಗೆ 3. ಇವೆರಡನ್ನೂ ಸಿಎ-125ರಿಂದ ಗುಣಿಸುತ್ತಾರೆ. 200 ದಾಟಿದರೆ ಸಾಮಾನ್ಯವಾಗಿ ಕ್ಯಾನ್ಸರ್ ತಜ್ಞರ ಬಳಿ ಕಳಿಸುತ್ತಾರೆ. ನಿನ್ನ ಗಡ್ಡೆ ಒಂದೇ ಕಡೆ ಇದೆ, ಒಳಗೆ ಅಡ್ಡಗೋಡೆಗಳಿವೆ, ಬೇರೇನೂ ಕಂಡಿಲ್ಲ. ಅಂದರೆ ಲಕ್ಷಣ ಒಂದೇ, ಮುಟ್ಟೂ ನಿಂತಿಲ್ಲ; ನಿನಗೆ ಬರುವುದು 68. ಇದೇ ವರದಿ ಮುಟ್ಟು ನಿಂತ ನನ್ನದಾಗಿದ್ದರೆ 204! ಸಂಖ್ಯೆ ಒಂದೇ, ಓದುವ ರೀತಿ ಬೇರೆ.

ನಿನ್ನ ವಯಸ್ಸಿನಲ್ಲಿ ಮರೆಯಬಾರದ ಪರೀಕ್ಷೆಗಳು ಬೇರೆಯೇ ಇವೆ. ಎಳೆಯ ಹೆಣ್ಣುಮಕ್ಕಳಲ್ಲಿ ಅಂಡಾಣುವಿನ ಮೂಲಕೋಶಗಳಿಂದ ಹುಟ್ಟುವ ಗಡ್ಡೆಗಳನ್ನು ಸಿಎ-125 ಸರಿಯಾಗಿ ಹಿಡಿಯುವುದಿಲ್ಲ. ಅವುಗಳಿಗೆ ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಬೇರೆ ಅಂಶಗಳನ್ನು ನೋಡುತ್ತಾರೆ. ಅಡ್ಡಗೋಡೆ ಇರುವುದರಿಂದ ಈ ಮೂರನ್ನೂ ಬರೆಸಬೇಕೇ ಎಂದು ಕೇಳು, ಸಂಕೋಚ ಬೇಡ. ಸಿಎ-125ರಂತೆಯೇ ರಕ್ತದಲ್ಲಿ ಅಳೆಯುವ ಎಚ್‌ಇ-4 ಎಂಬ ಪ್ರೋಟೀನೂ ಇದೆ, ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಅಷ್ಟಾಗಿ ಏರುವುದಿಲ್ಲ.

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿದ ಮೇಲೆಯೇ. ಎಷ್ಟೋ ಗಡ್ಡೆಗಳಿಗೆ ಆ ಪ್ರಮೇಯವೇ ಬರುವುದಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದಾಗ ತಾವಾಗಿಯೇ ಕರಗಿರುತ್ತವೆ.

ರಕ್ತವನ್ನು ಮತ್ತೆ ಕೊಡಬೇಕಾದರೆ ಮುಟ್ಟು ಮುಗಿದ ಮೇಲೆ, ಅದೇ ಪ್ರಯೋಗಾಲಯದಲ್ಲಿ ಕೊಡು. ಬೇರೆ ಕಡೆಯ ಯಂತ್ರದ ಸಂಖ್ಯೆಯನ್ನು ಇದರೊಂದಿಗೆ ಹೋಲಿಸಲಾಗದು. ಸ್ಕ್ಯಾನ್ ವರದಿಯ ಎರಡನೆಯ ಪುಟ ನನಗೆ ಬಂದಿಲ್ಲ, ಇಂದೇ ಕಳಿಸು.

ನಿನ್ನ
ಅಮ್ಮ