ನಿಲೇಕಣಿ ಸೋಲಿಗೆ ಮತದಾರರನ್ನು ದೂರುವುದೇಕೆ?

ಮಾನ್ಯ ಸಂಪಾದಕರೇ,

ತಂತ್ರಜ್ಞಾನ ಕ್ಷೇತ್ರದ ಪರಿಣತರು ರಾಜಕೀಯಕ್ಕೆ ಬರಬೇಕೆಂಬ ಮಾತು ಬೆಂಗಳೂರಿನಲ್ಲಿ ಎದ್ದಾಗಲೆಲ್ಲ ‘ನಂದನ್ ನಿಲೇಕಣಿಯವರನ್ನೇ ಸೋಲಿಸಿದ ಊರಿದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವರು ಸ್ಪರ್ಧಿಸಿದ್ದ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಹಳೆಯ ಮತದಾರನಾದ ನನಗೆ ಈ ಆಕ್ಷೇಪ ಸರಿಯೆನಿಸುವುದಿಲ್ಲ.

2014ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸೇರಿದ ನಿಲೇಕಣಿಯವರು ಮೇ 16ರ ಮತ ಎಣಿಕೆಯಲ್ಲಿ ಬಿಜೆಪಿಯ ಅನಂತಕುಮಾರ್ ಅವರೆದುರು 2.28 ಲಕ್ಷ ಮತಗಳ ಅಂತರದಿಂದ ಸೋತರು. ಅಲ್ಲಿಗೆ ಅವರ ಚುನಾವಣಾ ರಾಜಕಾರಣ ಮುಗಿಯಿತು. ಆ ವರ್ಷ ಮೋದಿ ಅಲೆಯಿತ್ತು, ನಿಜ. ಆದರೆ 2009ರಲ್ಲಿ ಇದೇ ಕ್ಷೇತ್ರದಲ್ಲಿ, ಇದೇ ಪಕ್ಷದಿಂದ, ಇದೇ ಎದುರಾಳಿಯ ವಿರುದ್ಧ ಸ್ಪರ್ಧಿಸಿದ್ದ ಕೃಷ್ಣ ಬೈರೇಗೌಡರು ಸುಮಾರು 4 ಲಕ್ಷ ಮತ ಪಡೆದು 37 ಸಾವಿರದಷ್ಟು ಮತಗಳಿಂದ ಸೋತಿದ್ದರು. ಐದು ವರ್ಷಗಳ ನಂತರ ನಿಲೇಕಣಿಯವರಿಗೆ ಬಂದದ್ದು 4.05 ಲಕ್ಷ. ಪಕ್ಷದ ಮತಗಳು ಅವರ ಕೈಬಿಡಲಿಲ್ಲ. ಆದರೆ ಇನ್ಫೊಸಿಸ್ ಸಹಸಂಸ್ಥಾಪಕ, ಆಧಾರ್ ರೂವಾರಿ ಎಂಬ ಹೆಸರು ಆ ಮತಗಳ ಮೇಲೆ ಹೆಚ್ಚೇನನ್ನೂ ಕೂಡಿಸಲಿಲ್ಲ. ಹೊಸದಾಗಿ ಮತಗಟ್ಟೆಗೆ ಬಂದವರಲ್ಲಿ ಬಹುಪಾಲು ಮಂದಿ ಎದುರಾಳಿಯ ಕಡೆ ಹೋದರು.

ಹೀಗೇಕಾಯಿತು ಎಂಬುದಕ್ಕೆ ಅವರ ಹಿಂದಿನ ನಗರಸೇವೆಯಲ್ಲೇ ಸುಳಿವಿದೆಯೆಂದು ನನ್ನ ಅನಿಸಿಕೆ. 1999ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ರಚಿಸಿದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್‌ನ ಅಧ್ಯಕ್ಷರಾಗಿ ಅವರು ಮಾಡಿದ ಕೆಲಸ ಸಣ್ಣದಲ್ಲ. ಪಾಲಿಕೆ, ಬಿಡಿಎ, ಜಲಮಂಡಳಿ ಮೊದಲಾದ ಸಂಸ್ಥೆಗಳು ಸಾರ್ವಜನಿಕರೆದುರು ನಿಂತು ತಮ್ಮ ಪ್ರಗತಿಯ ಲೆಕ್ಕ ಒಪ್ಪಿಸುವಂತಾಯಿತು. ಆಸ್ತಿ ತೆರಿಗೆಯನ್ನು ಮನೆಯ ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ 2000ದಲ್ಲಿ ಬಂದದ್ದೂ ಆ ಕಾಲದಲ್ಲೇ. (ನಮೂನೆ ತುಂಬಲು ಮೊದಲ ವರ್ಷ ನಾನೂ ಪಕ್ಕದ ಮನೆಯವರೂ ಎರಡು ಸಂಜೆ ಕೂತಿದ್ದೆವು.) ಆದರೆ ಅದು ಸರ್ಕಾರ ನೇಮಿಸಿದ ತಂಡವೇ ಹೊರತು ಜನರು ಆರಿಸಿದ ಸಂಸ್ಥೆಯಲ್ಲ. 2004ರಲ್ಲಿ ಸರ್ಕಾರ ಬದಲಾದಾಗ ಟಾಸ್ಕ್ ಫೋರ್ಸ್ ಮೂಲೆಗೆ ಸರಿಯಿತು. ಅದನ್ನು ಉಳಿಸಿಕೊಡಿ ಎಂದು ನಮ್ಮ ಬಡಾವಣೆಯಲ್ಲಿ ಯಾರೂ ದನಿಯೆತ್ತಿದ್ದು ನನಗೆ ನೆನಪಿಲ್ಲ. ಹತ್ತು ವರ್ಷ ಬಿಟ್ಟು ಮತ ಕೇಳಲು ಬಂದ ಅವರಿಗೆ ಬೀದಿಯ ಬಳಕೆಯಿರಲಿಲ್ಲ. ಎದುರಿಗಿದ್ದವರೋ 1996ರಿಂದ ಈ ಕ್ಷೇತ್ರದಲ್ಲಿ ಸೋಲನ್ನೇ ಕಾಣದವರು.

ಸೋತವರು ಕ್ಷೇತ್ರದಲ್ಲೇ ಉಳಿದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ನಿಲೇಕಣಿಯವರು 2017ರಲ್ಲಿ ಇನ್ಫೊಸಿಸ್ ಅಧ್ಯಕ್ಷರಾಗಿ ಮರಳಿದರು. ಅದು ಅವರ ಆಯ್ಕೆ, ತಪ್ಪೆನ್ನಲಾಗದು. ಆದರೆ 2009ರಲ್ಲಿ ಸೋತ ಕೃಷ್ಣ ಬೈರೇಗೌಡರು ರಾಜಕೀಯ ಬಿಡದೆ 2013ರಲ್ಲಿ ಸಚಿವರಾದದ್ದನ್ನೂ ನೆನೆಯಬೇಕು.

ತಂತ್ರಜ್ಞರು ವಾರ್ಡ್ ಮಟ್ಟದಿಂದ ಬರಲಿ ಎನ್ನೋಣವೆಂದರೆ, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಪಾಲಿಕೆಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಒಳ್ಳೆಯವರು ಬರುತ್ತಿಲ್ಲವೆಂದು ಮತದಾರರನ್ನು ಹಳಿಯುವ ಪಕ್ಷಗಳು ಮೊದಲು ಈ ವಿಳಂಬಕ್ಕೆ ಉತ್ತರ ಹೇಳಬೇಕು.

– ಒಬ್ಬ ಮತದಾರ, ಜಯನಗರ, ಬೆಂಗಳೂರು